ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ತೆಗೆದೆ, ಈಗ ದೊಡ್ಡದು ಮಾಡಲೇ?

ಪ್ರಶ್ನೆ: ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ನಮ್ಮೂರ ಕೆರೆ ಏರಿ ಪಕ್ಕ ದಿನಾ ಸಂಜೆ ಪ್ಲಾಸ್ಟಿಕ್ ರಾಶಿ ಹಾಕಿ ಸುಡುತ್ತಾರೆ. ಆ ಹೊಗೆ ಕುಡಿದು ಸಾಕಾಗಿ, ವಿಡಿಯೋ ನೋಡಿಕೊಂಡು ಹಳೆಯ ಗ್ರೀಸ್ ಡ್ರಮ್ಮಿನಲ್ಲಿ ಒಂದು ರಿಯಾಕ್ಟರ್ ಮಾಡಿದೆ. ಮುಚ್ಚಳಕ್ಕೆ ತಾಮ್ರದ ಪೈಪ್ ಕೂರಿಸಿ, ಅದನ್ನು ಸುರುಳಿ ಸುತ್ತಿ ನೀರಿನ ಬಕೆಟ್‌ನಲ್ಲಿ ಇಟ್ಟೆ. ಹಾಲಿನ ಕವರ್, ನೀರಿನ ಬಾಟಲಿ, ಒಂದಿಷ್ಟು ಫ್ಲೆಕ್ಸ್ ಸೇರಿ 2 ಕಿಲೋ ತುಂಬಿದೆ. ಸೌದೆ, ತೆಂಗಿನ ಚಿಪ್ಪು ಸೇರಿ 12 ಕಿಲೋ ಉರಿಸಿದೆ. ಅರ್ಧ ಲೀಟರ್ ಹಳದಿ ಎಣ್ಣೆ ಬಂತು, ಆಮೇಲೆ ನಿಂತುಹೋಯಿತು. ಪೈಪ್ ಬಿಚ್ಚಿದರೆ ಒಳಗೆ ಬಿಳಿ ಪುಡಿ, ಮೇಣದಂಥ ಜಿಡ್ಡು. ಮುಚ್ಚಳ ತೆಗೆದಾಗ ಭಗ್ ಅಂತ ಬೆಂಕಿ ಎದ್ದು ಮುಂಗೈ ಕೂದಲು ಸುಟ್ಟಿತು. ಈಗ ಗುಜರಿಯಿಂದ ಅಡುಗೆ ಗ್ಯಾಸಿನ ಹಳೆಯ ಸಿಲಿಂಡರ್ ತಂದಿದ್ದೇನೆ. ಅದರಲ್ಲಿ ಗಟ್ಟಿಯಾದದ್ದು ಮಾಡಬೇಕೆಂದಿದ್ದೇನೆ. ಎಷ್ಟು ದಪ್ಪದ ಶೀಟ್, ಯಾವ ವಾಲ್ವ್ ಬೇಕು? ಈ ಎಣ್ಣೆಯನ್ನು 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್‌ಗೆ ಹಾಕಬಹುದೇ? ಪರ್ಮಿಷನ್ ಬೇಕೇ?

ಉತ್ತರ: ಮೊದಲು ಆ ಸಿಲಿಂಡರ್ ವಿಷಯ. ದಯವಿಟ್ಟು ಅದಕ್ಕೆ ಗ್ರೈಂಡರ್ ಇಡಬೇಡಿ. ಖಾಲಿ ಅಂತ ಕಾಣುವ ಸಿಲಿಂಡರ್‌ನಲ್ಲೂ ಗ್ಯಾಸ್ ಉಳಿದಿರುತ್ತದೆ. ಗ್ಯಾಸ್ ಪೂರ್ತಿ ತುಂಬಿದ ಸಿಲಿಂಡರ್‌ನೊಳಗೆ ಗಾಳಿ ಇರುವುದಿಲ್ಲ. ಸ್ವಲ್ಪ ಗ್ಯಾಸ್, ಉಳಿದದ್ದು ಗಾಳಿ ಅಂತ ಆದಾಗಲೇ ಒಳಗೆ ಸಿಡಿಯುವ ಮಿಶ್ರಣ ಆಗುವುದು. ಗ್ರೈಂಡರ್ ಕಿಡಿ ಒಂದೇ ಸಾಕು. ನೀವು ವೆಲ್ಡರ್, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಹುಮ್ಮಸ್ಸಿನಲ್ಲಿ ಮರೆಯುವುದು ಇಂಥದ್ದನ್ನೇ. ಮನೆ ಬಳಕೆಯ ಸಿಲಿಂಡರ್ ಗ್ಯಾಸ್ ಕಂಪನಿಯ ಸ್ವತ್ತು ಕೂಡ. ನಾವು ಠೇವಣಿ ಕೊಟ್ಟು ಇಟ್ಟುಕೊಂಡಿರುತ್ತೇವೆ ಅಷ್ಟೇ. ಹತ್ತಿರದ ಏಜೆನ್ಸಿಗೆ ಅದನ್ನು ಒಪ್ಪಿಸಿಬಿಡಿ.

ಇನ್ನು ಶೀಟಿನ ದಪ್ಪ, ವಾಲ್ವ್. ಆ ಅಳತೆ ನಾನು ಕೊಡುವುದಿಲ್ಲ. ನಿಮ್ಮ ಕೈಕೆಲಸದ ಬಗ್ಗೆ ಅನುಮಾನ ಇದ್ದು ಹೀಗೆ ಹೇಳುತ್ತಿಲ್ಲ. ಮೊದಲ ಸಲಕ್ಕೇ ಎಣ್ಣೆ ತೆಗೆದಿದ್ದೀರಿ ಅಂದರೆ ಕೈ ಪಳಗಿದೆ ಅಂತಲೇ ಅರ್ಥ. ಆದರೆ ನಿಮ್ಮ ಡ್ರಮ್ಮಿನಲ್ಲಿ ಆದ ಮೂರು ತೊಂದರೆಗಳಿಗೂ ಶೀಟಿನ ದಪ್ಪಕ್ಕೂ ಸಂಬಂಧವೇ ಇಲ್ಲ. ಗಟ್ಟಿ ಪಾತ್ರೆ ಮಾಡಿದರೆ ಅದೇ ತೊಂದರೆ ಇನ್ನೂ ಜೋರಾಗಿ ಬರುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹಾಲಿನ ಕವರಿನಂಥ ಪ್ಲಾಸ್ಟಿಕ್ ಅಂದರೆ ಇಂಗಾಲ, ಜಲಜನಕದ ಉದ್ದುದ್ದ ಸರಪಳಿ. ಡೀಸೆಲ್, ಪೆಟ್ರೋಲ್ ಕೂಡ ಅವೇ, ಸರಪಳಿ ಮಾತ್ರ ಚಿಕ್ಕದು. ಗಾಳಿ ತಾಗದಂತೆ ಸುಮಾರು 400ರಿಂದ 450 ಡಿಗ್ರಿ ಕಾಯಿಸಿದರೆ ಹಾಲಿನ ಕವರಿನ ಪಾಲಿಥೀನ್ ತುಂಡಾಗುತ್ತದೆ. ಆವಿ ಏಳುತ್ತದೆ, ತಣಿಸಿದರೆ ಎಣ್ಣೆ. ಇದಕ್ಕೆ ಪೈರಾಲಿಸಿಸ್ ಅನ್ನುತ್ತಾರೆ. ಮಂಗಳೂರಿನ ರಿಫೈನರಿಯಲ್ಲಿ ಭಾರದ ಎಣ್ಣೆಯನ್ನು ಒಡೆದು ಹಗುರ ಮಾಡುವುದೂ ಇದೇ ಜಾತಿಯ ಕೆಲಸ. ಹಾಗಾಗಿ ವಿಡಿಯೋದಲ್ಲಿ ತೋರಿಸಿದ್ದು ಸುಳ್ಳಲ್ಲ. ಎಣ್ಣೆ ನಿಜವಾಗಿಯೂ ಬರುತ್ತದೆ.

ಈಗ ನಿಮ್ಮ ಮುಂಗೈ ಕೂದಲು ಸುಟ್ಟ ವಿಷಯಕ್ಕೆ ಬರುತ್ತೇನೆ. ಈ ಉತ್ತರದಲ್ಲಿ ಏನು ಮರೆತರೂ ಇದನ್ನು ಮರೆಯಬೇಡಿ. ಪೆಟ್ರೋಲ್ ಆವಿ 250ರಿಂದ 280 ಡಿಗ್ರಿಗೆ ಬಂದು ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಆವಿಗೆ ಇನ್ನೂ ಕಡಿಮೆ ಸಾಕು. ಕಡ್ಡಿ ಗೀರಬೇಕಿಲ್ಲ, ಕಿಡಿಯೂ ಬೇಕಿಲ್ಲ. ನಿಮ್ಮ ಡ್ರಮ್ಮಿನೊಳಗೆ ಆ ಹೊತ್ತಿಗೆ 400 ಡಿಗ್ರಿ ಇತ್ತು. ಅಂದರೆ ತಾನಾಗಿ ಹೊತ್ತುವ ಬಿಸಿಯನ್ನು ಆ ಆವಿ ಯಾವಾಗಲೋ ದಾಟಿತ್ತು. ಹೊತ್ತದೆ ಇದ್ದದ್ದು ಗಾಳಿ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ನೀವು ಮುಚ್ಚಳ ತೆಗೆದು ಆ ಗಾಳಿ ಕೊಟ್ಟಿರಿ. ತೆಳ್ಳನೆ ಮುಚ್ಚಳದ ಡ್ರಮ್ಮಾದ್ದರಿಂದ ಬೆಂಕಿ ಮೇಲಕ್ಕೆ ಹೋಯಿತು. ಬಿಗಿಯಾಗಿ ವೆಲ್ಡ್ ಮಾಡಿದ ಸಿಲಿಂಡರ್‌ನಲ್ಲಿ ಒಂದು ಸಣ್ಣ ಸಂದಿಯಿಂದ ಗಾಳಿ ಒಳಗೆ ಎಳೆದುಕೊಂಡು ಹೀಗೇ ಹೊತ್ತಿದರೆ, ಅದಕ್ಕೆ ಹೋಗಲು ದಾರಿಯೇ ಇರುವುದಿಲ್ಲ.

ಗಾಳಿ ಒಳಗೆ ಹೇಗೆ ಹೋಗುತ್ತದೆ, ಒಳಗಿನಿಂದ ಆವಿ ಹೊರಗೆ ತಳ್ಳುತ್ತಿರುತ್ತದಲ್ಲ ಅಂತ ಕೇಳಬಹುದು. ಉರಿ ಜೋರಿದ್ದಾಗ ಹೌದು. ಉರಿ ತಗ್ಗಿದ ಕೂಡಲೇ ಒಳಗಿನ ಆವಿ ಕುಗ್ಗುತ್ತದೆ, ಪಾತ್ರೆ ಹೊರಗಿನದನ್ನು ಒಳಕ್ಕೆ ಎಳೆಯತೊಡಗುತ್ತದೆ. ಪೈಪಿನ ತುದಿ ನೀರಿನಲ್ಲಿ ಮುಳುಗಿದ್ದರೆ ನೀರನ್ನೇ ಎಳೆಯುತ್ತದೆ. ಕೆಂಪಗೆ ಕಾದ ತಳಕ್ಕೆ ನೀರು ಬಿದ್ದರೆ ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಪ್ರಯೋಗ ಘಟಕದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. 5 ಲೀಟರಿನ ಸಣ್ಣ ಪಾತ್ರೆ ಅದು. ಹೀಟರ್ ಆಫ್ ಮಾಡಿ ನಾವು ಮೂವರು ಟೀ ಕುಡಿಯಲು ಹೊರಗೆ ಬಂದೆವು. ಹತ್ತು ನಿಮಿಷಕ್ಕೆ ಧಡ್ ಅಂತ ಸದ್ದು. ಹೋಗಿ ನೋಡಿದರೆ ಮುಚ್ಚಳದ ಗ್ಯಾಸ್ಕೆಟ್ ಕಿತ್ತು ಗೋಡೆಗೆ ಬಡಿದಿತ್ತು. ಬಿಸಿ ಮೇಣ ಸೂರಿನವರೆಗೆ ಸಿಡಿದಿತ್ತು. ಟೀ ಹೊತ್ತು ಅಂತ ಬದುಕಿದೆವು. ಅವತ್ತಿನಿಂದ ಇಂಥ ಪಾತ್ರೆ ತಣಿಯುವ ಹೊತ್ತೇ ನನಗೆ ಜಾಸ್ತಿ ಭಯ.

ಪೈಪ್ ಕಟ್ಟಿಕೊಂಡಿದ್ದು ಎರಡನೆಯದು. ಅದರಲ್ಲಿದ್ದ ಜಿಡ್ಡು ಪಾಲಿಥೀನ್‌ನದು. ಸರಪಳಿ ಸಾಕಷ್ಟು ಚಿಕ್ಕದಾಗುವ ಮೊದಲೇ ಆವಿಯಾಗಿ ಮೇಲೆ ಬಂದರೆ ಅದು ಎಣ್ಣೆ ಆಗುವುದಿಲ್ಲ, ಮೇಣ ಆಗುತ್ತದೆ. ತಣ್ಣೀರಿನ ಬಕೆಟ್‌ನಲ್ಲಿ ಸುರುಳಿ ಇಟ್ಟಿದ್ದೀರಿ. ಮೇಣ ಅಲ್ಲೇ ಹೆಪ್ಪುಗಟ್ಟಿತು. ಬಿಳಿ ಪುಡಿ ನೀರಿನ ಬಾಟಲಿಯದು. ಆ ಬಾಟಲಿಯ ಪ್ಲಾಸ್ಟಿಕ್‌ಗೆ ಪೆಟ್ ಅನ್ನುತ್ತಾರೆ. ಅದರ ತೂಕದಲ್ಲಿ ಮೂರರಲ್ಲೊಂದು ಪಾಲು ಆಮ್ಲಜನಕ. ಕಾಯಿಸಿದರೆ ಎಣ್ಣೆ ಬರುವುದು ಕಡಿಮೆ, ಟೆರೆಫ್ತಾಲಿಕ್ ಮತ್ತು ಬೆಂಜೋಯಿಕ್ ಆಮ್ಲಗಳು ಬರುತ್ತವೆ. ಅವು ಕರ್ಪೂರದ ಹಾಗೆ ಬಿಸಿಯಲ್ಲಿ ಆವಿಯಾಗಿ ಹಾರಿ, ತಣ್ಣಗಾದ ಕಡೆ ಪುಡಿಯಾಗಿ ಕೂರುತ್ತವೆ. ಮೇಣ ಅಂಟು, ಪುಡಿ ಮರಳು. ಎರಡೂ ಸೇರಿ ಪೈಪಿಗೆ ಬಿರಡೆ ಜಡಿದ ಹಾಗಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 1 ಕಿಲೋ ಪ್ಲಾಸ್ಟಿಕ್ 430 ಡಿಗ್ರಿಯಲ್ಲಿ ಪೂರ್ತಿ ಆವಿಯಾದರೆ ಅದಕ್ಕೆ 300 ಲೀಟರಿಗೂ ಜಾಸ್ತಿ ಜಾಗ ಬೇಕು. ಪೈಪ್ ಕಟ್ಟಿಕೊಂಡಾಗ ನಿಮ್ಮ ಡ್ರಮ್ಮಿನ ಮುಚ್ಚಳದ ಸಂದಿಯಿಂದ ಅದು ಸೋರಿ ಹೋಗಿರಬೇಕು. ಸೋರಿದ್ದೇ ಪುಣ್ಯ. ಸಿಲಿಂಡರ್ ಸೋರುವುದಿಲ್ಲ ಅಲ್ವಾ? ಮೇಲೆ ಸೇಫ್ಟಿ ವಾಲ್ವ್ ಹಾಕುತ್ತೇನೆ ಅನ್ನಬಹುದು. ಅದೇ ಮೇಣ ವಾಲ್ವಿನ ಬಾಯಲ್ಲೂ ಹೆಪ್ಪುಗಟ್ಟುತ್ತದೆ. ವಾಲ್ವ್ ತೆರೆದರೂ ಹೊರಗೆ ಬರುವುದು 400 ಡಿಗ್ರಿಯ ಆವಿ. ಕೆಳಗೆ ನಿಮ್ಮ ಸೌದೆ ಉರಿಯುತ್ತಿದೆ. ಇನ್ನು ಉಕ್ಕಿನ ವಿಷಯ ನಿಮಗೇ ಗೊತ್ತು. 550, 600 ಡಿಗ್ರಿಗೆ ಬಂದರೆ ಸಾದಾ ಉಕ್ಕಿನ ಬಲ ಅರ್ಧಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಶಾಖ ಹರಿಯಬಿಡುವುದು ಉಕ್ಕಿನ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ನಡುವಿನ ಪ್ಲಾಸ್ಟಿಕ್ ಇನ್ನೂ ಕರಗುತ್ತಿರುವಾಗಲೇ ತಳ ಕೆಂಪಾಗಿರುತ್ತದೆ. ಒತ್ತಡ ಜಾಸ್ತಿ ಆಗುವ ಹೊತ್ತಿಗೇ ಉಕ್ಕಿನ ಬಲ ಇಳಿದಿರುತ್ತದೆ.

ಮೂರನೆಯದು ನೀವು ಬರೆದಿಲ್ಲ, ಆದರೆ ಆಗಿಯೇ ಇರುತ್ತದೆ. ಡ್ರಮ್ಮಿನ ಒಳಗೋಡೆ ನೋಡಿ. ಒಂದೇ ಸಲಕ್ಕೆ ತುಕ್ಕು ಹಿಡಿದಿರಬೇಕು. ಕಾಯಿಸುವಾಗ ಮೊದಮೊದಲು ಮೂಗು, ಗಂಟಲು ಚುರುಗುಟ್ಟಿರಬೇಕು. ಅದು ಫ್ಲೆಕ್ಸ್ ಕೆಲಸ. ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ಬಟ್ಟೆಗೆ ಎರಡೂ ಕಡೆ ಪಿವಿಸಿ ಬಳಿದದ್ದು. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ, ಶೇ 57, ಕ್ಲೋರಿನ್ ಇರುತ್ತದೆ. 250, 300 ಡಿಗ್ರಿಗೇ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಗೆ ಬರುತ್ತದೆ. ಪಸೆ ಸಿಕ್ಕಿದ ಕಡೆ ಹೈಡ್ರೋಕ್ಲೋರಿಕ್ ಆಮ್ಲ. ಡ್ರಮ್ಮನ್ನು ತಿಂದ ಹಾಗೆಯೇ ಶ್ವಾಸಕೋಶವನ್ನೂ ತಿನ್ನುತ್ತದೆ. ಎಣ್ಣೆಯೊಳಗೂ ಸೇರಿ ಮುಂದೆ ಎಂಜಿನ್ ತಿನ್ನುತ್ತದೆ. ಕ್ಲೋರಿನ್, ಮಸಿ, ಒಂದಿಷ್ಟು ಗಾಳಿ ಸೇರಿದ ಕಡೆ ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ಬೂದಿ ತಣಿಯುವ 200ರಿಂದ 450 ಡಿಗ್ರಿ ನಡುವೆ ಅದು ಮತ್ತೆ ಕೂಡಿಕೊಳ್ಳುತ್ತದೆ. ಕೆರೆ ಏರಿ ಹೊಗೆಗೆ ನೀವು ಹೆದರಿದ್ದು ಸರಿಯಾಗಿಯೇ ಇತ್ತು. ಅದೇ ವಿಷ ಈಗ ನಿಮ್ಮ ಶಾಪಿನೊಳಗೆ ಬರುತ್ತಿದೆ. ನನಗೆ ಸಂಕಟ ಆಗಿದ್ದು ಇದಕ್ಕೇ.

ಹಾಗಾದರೆ ದೊಡ್ಡವರು ಹೇಗೆ ಮಾಡುತ್ತಾರೆ? ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ, ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಜತೆ ಸೇರಿ 2019ರಲ್ಲಿ ಒಂದು ಘಟಕ ಶುರು ಮಾಡಿತು. ದಿನಕ್ಕೆ 1 ಟನ್ ಪ್ಲಾಸ್ಟಿಕ್ ಹಾಕಿದರೆ 800 ಲೀಟರ್‌ವರೆಗೆ ಡೀಸೆಲ್ ಅನ್ನುವುದು ಅದರ ಲೆಕ್ಕ. ಜಪಾನಿನ ಅಕಿನೋರಿ ಇಟೊ ಮೇಜಿನ ಮೇಲೆ ಇಡುವಷ್ಟು ಚಿಕ್ಕ ಯಂತ್ರ ಮಾಡಿದರು. 1 ಕಿಲೋ ಪ್ಲಾಸ್ಟಿಕ್‌ಗೆ ಸುಮಾರು 1 ಯೂನಿಟ್ ಕರೆಂಟ್, ಹತ್ತಿರ ಹತ್ತಿರ 1 ಲೀಟರ್ ಎಣ್ಣೆ. ನೀವು ನೋಡಿದ ಬಹಳಷ್ಟು ವಿಡಿಯೋಗಳಿಗೆ ಅದೇ ಮೂಲ ಇರಬೇಕು. ಆದರೆ ಎರಡರ ಒಳಗೂ ಹೋಗುವುದು ಆರಿಸಿದ ಪ್ಲಾಸ್ಟಿಕ್ ಮಾತ್ರ. ಪಿವಿಸಿ, ಪೆಟ್ ಬಾಗಿಲಲ್ಲೇ ಹೊರಗೆ. ಸೌದೆ ಬೆಂಕಿ ಇಲ್ಲ, ಹದವಾಗಿ ಹಿಡಿದ ಶಾಖ. ತಣಿಸಿದರೂ ಎಣ್ಣೆಯಾಗದೆ ಉಳಿದ ಗ್ಯಾಸಿಗೆ ಬೇರೆ ವ್ಯವಸ್ಥೆ. ವಿಡಿಯೋದವರು ಡ್ರಮ್ ತೋರಿಸಿದರು, ಇದ್ಯಾವುದನ್ನೂ ತೋರಿಸಲಿಲ್ಲ.

ಮನೆಯಲ್ಲೇ ಹೀಗೆ ಮಾಡಿಕೊಂಡು ಬದುಕಿದವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಸಿರಿಯಾದ ಪೂರ್ವ ಗೂತಾಕ್ಕೆ 2013ರಿಂದ 2018ರವರೆಗೆ ಮುತ್ತಿಗೆ ಹಾಕಿದ್ದಾಗ ಹೊರಗಿನಿಂದ ಡೀಸೆಲ್ ಬರುತ್ತಿರಲಿಲ್ಲ. ಅಲ್ಲಿನ ಜನ ಡ್ರಮ್ಮುಗಳಲ್ಲಿ ಪ್ಲಾಸ್ಟಿಕ್ ಕಾಯಿಸಿ ಜನರೇಟರ್, ನೀರಿನ ಪಂಪ್ ಓಡಿಸಿದರು. ಸುಟ್ಟ ಗಾಯ, ಕೆಮ್ಮು ಎಲ್ಲ ಸಹಿಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ.

ಪಂಪ್‌ಸೆಟ್ ವಿಷಯ ಈಗ. ನಿಮ್ಮ ಬಾಟಲಿಯಲ್ಲಿ ಇರುವುದು ಡೀಸೆಲ್ ಅಲ್ಲ. ಪೆಟ್ರೋಲಿನಂತೆ ಹಗುರವಾದದ್ದು, ಸೀಮೆಎಣ್ಣೆಯಂಥದ್ದು, ಡೀಸೆಲಿನಂಥದ್ದು, ಮೇಣ, ಎಲ್ಲ ಕಲಸಿದ್ದು. ಹಗುರ ಭಾಗ ಇರುವುದರಿಂದ ಕೋಣೆಯ ಬಿಸಿಗೇ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ಭಾರದ ಭಾಗ ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಇನ್ನೊಂದು ಗುಣವೂ ಇದೆ. ಒಡೆದ ಸರಪಳಿಗಳ ತುದಿ ಸುಮ್ನೆ ಇರುವುದಿಲ್ಲ. ಇಟ್ಟಲ್ಲೇ ಒಂದಕ್ಕೊಂದು ಕೂಡಿ ಅಂಟಾಗುತ್ತವೆ. ಒಂದು ತಿಂಗಳು ಬಿಟ್ಟು ನೋಡಿ, ಹಳದಿ ಹೋಗಿ ಕಂದು ಆಗಿರುತ್ತದೆ. ಆ ಅಂಟು, ಎಂಜಿನ್ನಿಗೆ ಎಣ್ಣೆ ಸಿಂಪಡಿಸುವ ನಾಜಲ್‌ನಲ್ಲಿ ಕೂತರೆ ಎಂಜಿನ್ ಹೊಗೆ ಉಗುಳುತ್ತದೆ, ಸುಡದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲ್ ತೆಳುವಾಗುತ್ತದೆ. ಮೊದಲ ದಿನ ಪಂಪ್ ಚೆನ್ನಾಗಿಯೇ ಓಡುತ್ತದೆ. ವಿಡಿಯೋ ಅವತ್ತಿಗೆ ಮುಗಿಯುತ್ತದೆ. ನಾಜಲ್, ಪಂಪ್ ಎಲಿಮೆಂಟ್ ಬದಲಾಯಿಸುವ ಖರ್ಚು ಆಮೇಲೆ ಬರುವುದು.

ಖರ್ಚಿನ ಮಾತು ಬಂತಲ್ಲ, ನಿಮ್ಮದೇ ಅಂಕಿ ತೆಗೆದುಕೊಂಡು ಲೆಕ್ಕ ಹಾಕಿದೆ. 12 ಕಿಲೋ ಸೌದೆ, ಚಿಪ್ಪಿನಲ್ಲಿ ಇದ್ದ ಶಾಖ ಸುಮಾರು 190 ಮೆಗಾಜೂಲ್. ಅರ್ಧ ಲೀಟರ್ ಎಣ್ಣೆಯಲ್ಲಿ ಸಿಕ್ಕಿದ್ದು 17 ಮೆಗಾಜೂಲ್ ಆಸುಪಾಸು. ಹತ್ತು ಪಟ್ಟಿಗೂ ಜಾಸ್ತಿ ಸುಟ್ಟು ಒಂದು ಪಾಲು ತೆಗೆದಿದ್ದೀರಿ. ಒಲೆ ಸುಧಾರಿಸಿದರೆ ಇದು ಖಂಡಿತ ಉತ್ತಮ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ಲಾಸ್ಟಿಕ್ ಎಲ್ಲಿಂದ ತರುತ್ತೀರಿ? 5 ಎಚ್‌ಪಿ ಪಂಪ್‌ಸೆಟ್ ಗಂಟೆಗೆ ಹೆಚ್ಚುಕಡಿಮೆ 1 ಲೀಟರ್ ಕುಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡಿಸಲು 4 ಲೀಟರ್. ಎಲ್ಲ ಸರಿಯಾಗಿ ನಡೆದರೂ ಅದಕ್ಕೆ ಹತ್ತಿರ ಹತ್ತಿರ 6 ಕಿಲೋ ಒಳ್ಳೆಯ, ಒಣಗಿದ ಪ್ಲಾಸ್ಟಿಕ್ ಬೇಕು. ಅರ್ಧ ಲೀಟರ್ ಹಾಲಿನ ಕವರ್ ತೊಳೆದು ಒಣಗಿಸಿ ತೂಗಿದರೆ ಸುಮಾರು 3 ಗ್ರಾಂ. ಅಂದರೆ ದಿನಕ್ಕೆ 2,000 ಕವರ್! ಅಷ್ಟು ಶುದ್ಧ ಹಾಲಿನ ಕವರ್ ಇದ್ದರೆ ಗುಜರಿಯವರೇ ದುಡ್ಡು ಕೊಟ್ಟು ಒಯ್ಯುತ್ತಾರೆ. ಅದು ಕರಗಿ ಮತ್ತೆ ಪ್ಲಾಸ್ಟಿಕ್ ಪೈಪೋ ಶೀಟೋ ಆಗುತ್ತದೆ. ಎಣ್ಣೆ ತೆಗೆಯಲು ಚೆನ್ನಾಗಿರುವ ಪ್ಲಾಸ್ಟಿಕ್, ಮಾರಲೂ ಚೆನ್ನಾಗಿರುವ ಪ್ಲಾಸ್ಟಿಕ್ಕೇ. ಕೆರೆ ಏರಿ ಮೇಲೆ ಉಳಿದು ಹೊಗೆಯಾಗುವುದು ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ, ಫ್ಲೆಕ್ಸ್, ಹರಿದ ರೆಕ್ಸಿನ್. ನಿಮ್ಮ ರಿಯಾಕ್ಟರ್‌ಗೆ ಅವು ಆಗಿಬರುವುದಿಲ್ಲ.

ಪರ್ಮಿಷನ್ ಬೇಕು. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಪೆಟ್ರೋಲಿಯಂ ತಯಾರಿಸುವುದು, ಶುದ್ಧೀಕರಿಸುವುದು, ಬೆರೆಸುವುದು ನಿಯಮ ಪಾಲಿಸಿಯೇ ಆಗಬೇಕು. ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮರುಬಳಕೆ ಆಗದ ಪ್ಲಾಸ್ಟಿಕ್‌ಗೆ ಎಣ್ಣೆ ತೆಗೆಯುವುದನ್ನೂ ಒಂದು ದಾರಿ ಅಂತ ಹೇಳಿವೆ. ಹಾಗಂತ ಅದು ವೆಲ್ಡಿಂಗ್ ಶಾಪಿನ ಹಿತ್ತಲಲ್ಲಿ ನಡೆಯುವಂಥದ್ದಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಹೊಗೆ ನಿಲ್ಲಬೇಕು, ಅಷ್ಟೇ ಅಲ್ವಾ? ನಿಮ್ಮ ಪಂಚಾಯಿತಿಗೆ ಸ್ವಚ್ಛ ಸಂಕೀರ್ಣ, ಅಂದರೆ ಒಣ ಕಸ ವಿಂಗಡಿಸುವ ಶೆಡ್, ಇದೆಯೇ ನೋಡಿ. ಹಲವು ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಸ್ವಚ್ಛ ವಾಹಿನಿ ಗಾಡಿ ಓಡಿಸಿ ಮನೆಮನೆಯಿಂದ ಒಣ ಕಸ ತರುತ್ತಾರೆ. ಶೆಡ್ ಇದ್ದೂ ಪ್ಲಾಸ್ಟಿಕ್ ಹೊರಗೆ ಹೋಗದೆ ಇರಲು ನಾನು ನೋಡಿದ ಕಡೆಯೆಲ್ಲ ಒಂದೇ ಕಾರಣ. ಪ್ಲಾಸ್ಟಿಕ್ ಹಗುರ, ಆದರೆ ಜಾಗ ನುಂಗುತ್ತದೆ. ಲಾರಿ ತುಂಬಿದರೂ ತೂಕ ಬರುವುದಿಲ್ಲ. ಬಾಡಿಗೆ ಗಿಟ್ಟುವುದಿಲ್ಲ. ಯಾರೂ ಬರುವುದಿಲ್ಲ. ರಾಶಿ ಬೆಳೆಯುತ್ತದೆ. ಕೊನೆಗೆ ಯಾರೋ ಬೆಂಕಿ ಹಚ್ಚುತ್ತಾರೆ.

ಇದನ್ನು ಬಿಡಿಸುವುದು ಬೇಲಿಂಗ್ ಪ್ರೆಸ್. ಒಂದು ಗಟ್ಟಿ ಉಕ್ಕಿನ ಪೆಟ್ಟಿಗೆ, ಮೇಲಿನಿಂದ ಒತ್ತುವ ಹಲಗೆ, ಹೈಡ್ರಾಲಿಕ್ ಜಾಕ್ ಅಥವಾ ಸ್ಕ್ರೂ. ಪ್ಲಾಸ್ಟಿಕ್ ತುಂಬಿ ಒತ್ತಿ, ಹಗ್ಗ ಬಿಗಿದರೆ ಮೂಟೆ. ಬೆಂಕಿ ಇಲ್ಲ, ಆವಿ ಇಲ್ಲ. ನಿಮ್ಮ ಶಾಪಿನಲ್ಲಿ ಇರುವ ಚಾನೆಲ್, ಆಂಗಲ್, ಶೀಟಿನಲ್ಲೇ ಆಗುತ್ತದೆ. ಇದಕ್ಕೆ ಎಷ್ಟು ದಪ್ಪದ ಶೀಟ್ ಅಂತ ಕೇಳಿ, ಕೂತು ಲೆಕ್ಕ ಹಾಕಿ ಕೊಡುತ್ತೇನೆ. ಒಂದು ಎಚ್ಚರ: ಬಾಗಿಲಿನ ಚಿಲಕ ಒತ್ತಡ ಇರುವಾಗ ತೆರೆಯದ ಹಾಗೆ ಇರಬೇಕು, ಒತ್ತುವಾಗ ಕೈ ಒಳಗೆ ಹೋಗದಂತೆ ತಡೆ ಇರಬೇಕು.

ಮೂಟೆಯಾದ ಮೇಲೆ ಒಳ್ಳೆಯ ಪ್ಲಾಸ್ಟಿಕ್ ಗುಜರಿಗೆ. ತೆಳ್ಳನೆ ಪಾಲಿಥೀನ್ ರಸ್ತೆಗೂ ಆಗುತ್ತದೆ. ಬಿಸಿ ಜಲ್ಲಿಗೆ ಕರಗಿದ ಪ್ಲಾಸ್ಟಿಕ್ ಲೇಪಿಸಿ ಡಾಂಬರು ಬೆರೆಸುವ ವಿಧಾನ ಮದುರೆಯ ಆರ್. ವಾಸುದೇವನ್ ಅವರದು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಬಿಸಿ 170 ಡಿಗ್ರಿ ಆಸುಪಾಸು, ಸರಪಳಿ ಒಡೆಯುವುದೇ ಇಲ್ಲ. ಚಿಪ್ಸ್ ಪ್ಯಾಕೆಟ್‌ನಂಥ ಯಾರಿಗೂ ಬೇಡದ್ದು ಸಿಮೆಂಟ್ ಗೂಡಿಗೆ ಹೋಗಬಹುದು. ಅಲ್ಲಿ 1,400 ಡಿಗ್ರಿಗೂ ಮೇಲೆ ಉರಿ ಇರುತ್ತದೆ. ಬೆಂಗಳೂರಿನ ಇಂಥ ಪ್ಲಾಸ್ಟಿಕ್ ಈಗಾಗಲೇ ಹೀಗೆ ಹೋಗುತ್ತಿದೆ. ಫ್ಲೆಕ್ಸ್ ಮಾತ್ರ ಇದ್ಯಾವುದಕ್ಕೂ ಸೇರಿಸಬೇಡಿ.

ವಿಂಗಡಿಸಲು ಎರಡು ಸುಲಭ ಪರೀಕ್ಷೆ. ತುಂಡನ್ನು ನೀರಿಗೆ ಹಾಕಿ. ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪೆಟ್, ಪಿವಿಸಿ ಮುಳುಗುತ್ತವೆ. ಪಿವಿಸಿ ಹೌದೋ ಅಲ್ಲವೋ ಅನುಮಾನ ಇದ್ದರೆ ತಾಮ್ರದ ತಂತಿ ಕಾಯಿಸಿ, ಆ ಪ್ಲಾಸ್ಟಿಕ್‌ಗೆ ಒಂದು ಚೂರು ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಒಳಗೆ ಕ್ಲೋರಿನ್ ಇದೆ. ಬಯಲಲ್ಲಿ, ಗಾಳಿಗೆ ಬೆನ್ನು ಹಾಕಿ, ಸಾಸಿವೆ ಕಾಳಿನಷ್ಟು ತುಂಡಿನಲ್ಲಿ ಮಾಡಿ ಸಾಕು.

ಕೊನೆಯದಾಗಿ ಆ ಅರ್ಧ ಲೀಟರ್ ಎಣ್ಣೆ. ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಟ್ಟಿದ್ದರೆ ಇವತ್ತೇ ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ. ಬಣ್ಣ ನೋಡಿ ಅಡುಗೆ ಎಣ್ಣೆ ಅಂದುಕೊಳ್ಳುವ ಹಾಗಿದೆ, ಮಕ್ಕಳ ಕೈಗೆ ಸಿಗಬಾರದು. ಹೊರಗೆ ದೊಡ್ಡದಾಗಿ ಬರೆದು ಅಂಟಿಸಿ. ಅಡುಗೆಮನೆಯಿಂದ, ನಿಮ್ಮ ವೆಲ್ಡಿಂಗ್ ಜಾಗದಿಂದ ದೂರ ಇಡಿ. ಸ್ಟೌವ್‌ಗೆ, ಬುಡ್ಡಿಗೆ ಹಾಕಬೇಡಿ. ಸೀಮೆಎಣ್ಣೆಗಿಂತ ಬೇಗ ಹೊತ್ತುತ್ತದೆ. ಚರಂಡಿಗೂ ಸುರಿಯಬೇಡಿ. ಹಾಸನದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಫೋನ್ ಮಾಡಿ, ಎಲ್ಲಿ ಒಪ್ಪಿಸಬೇಕು ಅಂತ ಕೇಳಿ. ಡ್ರಮ್ಮಿನ ತಳದ ಕರಿ ಗಸಿಯನ್ನು ತೆಂಗಿನ ಬುಡಕ್ಕೆ ಹಾಕಬೇಡಿ. ಪಿವಿಸಿಗೆ ಬೆರೆಸುವ ಸೀಸ ಅದರಲ್ಲಿ ಉಳಿದಿರಬಹುದು. ಡ್ರಮ್ ಪೂರ್ತಿ ತಣ್ಣಗಾಗಿದೆ ಅಂತ ಖಾತ್ರಿಯಾದ ಮೇಲೆ ಗಸಿಯನ್ನು ಒಂದು ಡಬ್ಬದಲ್ಲಿ ಕಟ್ಟಿಟ್ಟು ಎಣ್ಣೆಯ ಜತೆಗೇ ಕೊಟ್ಟುಬಿಡಿ. ಪಂಚಾಯಿತಿ ಶೆಡ್ಡಿನ ಬಾಗಿಲಿನ ಅಗಲ, ಅಲ್ಲಿಗೆ ಬರುವ ಲಾರಿಯ ಉದ್ದ, ನಿಮ್ಮ ಹತ್ತಿರ ಎಷ್ಟು ಟನ್ನಿನ ಜಾಕ್ ಇದೆ, ಇವು ಮೂರನ್ನೂ ಬರೆದು ಕಳಿಸಿ. ಪ್ರೆಸ್ಸಿನ ಅಳತೆ ಅಲ್ಲಿಂದ ಶುರು ಮಾಡೋಣ.